ಕಾಸಿ ಕಳಿಸಿದ ಹಾಲು

“ಹಸಿ ಹಾಲ ಕೊಟ್ಟ ಕಳಸಾಕ ನಮಗೇನು ರೀತಿ-ರಿವಾಜ ಇಲ್ಲೇನವ್ವಾ? ಛಂದಂಗ ಕಾಸಿ, ಆರಿಸಿ, ಕೆನಿ ತಗದು ನಿನ್ನ ಸೀಸಾದಾಗ ಹಾಕ್ತಿದ್ದೆ,” ಎಂದಳು ಸುಂದರವ್ವ.

ಸುಮಂಗಲಾ ಕಟ್ಟೆಯ ಮೇಲೆ ಹಾಗೆಯೇ ಕುಳಿತುಬಿಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಹಾಲಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇದ್ದರೆ ಕೆಂಪು ಗೆರೆ ಮೂಡಿಸುವ ಕಾಗದದ ಪಟ್ಟಿ, ಅದು ಅವಳ ಸಂಶೋಧನೆ. ಕಲಬುರಗಿಯ ಲ್ಯಾಬಿನಲ್ಲಿ ಸರಿಯಾಗಿ ಗೆರೆ ಮೂಡಿಸುತ್ತಿದ್ದ ಪಟ್ಟಿ ಮೋರಟಗಿ ಊರಿಗೆ ಬಂದ ಮೇಲೆ ಮೂಕವಾಗಿತ್ತು. ಸುಂದರವ್ವನ ಅಂಗಳದಲ್ಲಿ ಕಟ್ಟಿದ್ದ, ಕೆಚ್ಚಲು ಬಾತ ಈ ಆಕಳ ಹಾಲಿಗೂ ಗೆರೆಯಿಲ್ಲ! ಬಿಸಿಲಲ್ಲಿ ಮನೆಮನೆಗೆ ಸೀಸೆ ಹಂಚಿ ಅವಳ ಕಾಲು ಸೋತಿದ್ದವು. ನಿನ್ನೆ ಅವಳ ಸಂಶೋಧನೆಯ ಗೈಡ್ ಫೋನಿನಲ್ಲಿ, “ಸಾಕು, ಎಲ್ಲಾ ಮುಚ್ಚಿ ವಾಪಸ್ ಬಾ,” ಎಂದಿದ್ದರು. ಸುಂದರವ್ವನಿಗೆ ಹೋಗಿಬರುತ್ತೇನೆ ಎನ್ನಲು ಬಂದಿದ್ದಳು.

ಹೇಳಬೇಕಾದವನು ಇನ್ನೊಬ್ಬನಿದ್ದ. ಸುಂದರವ್ವನ ಅಕ್ಕನ ಮಗ ಚಂದ್ರಾಮ. ಹಾಲಿನ ಟಂಟಂ ಗಾಡಿ ಓಡಿಸುತ್ತ, ದಿನಾ ಅವಳ ಸೀಸೆಗಳನ್ನು ಐಸ್ ಡಬ್ಬಿಯಲ್ಲಿಟ್ಟು ತಂದುಕೊಡುವವನು. ಈಗ ಬಾಗಿಲಿಗೆ ಒರಗಿ ನಿಂತಿದ್ದ. ಅವಳು ಅವನತ್ತ ನೋಡಿದರೆ ಅವನು ಆಕಳನ್ನು ನೋಡುತ್ತಿದ್ದ. ಅವಳು ಆಕಳತ್ತ ತಿರುಗಿದರೆ ಅವನ ಕಣ್ಣು ಇವಳ ಮೇಲೆ.

“ನಿಮಗೂ ಗೊತ್ತಿತ್ತೇನ್ರಿ?”

“ಇಲ್ರಿ ಮೇಡಮ್ಮಾರ. ಮುಚ್ಚಿದ ಸೀಸಾ ಹಂಗ ತರ್ತಿದ್ದೆ. ಗೊತ್ತಿದ್ರ…”

“ಗೊತ್ತಿದ್ರ?”

“ಹೇಳ್ತಿದ್ದೆನೋ ಇಲ್ಲೋ. ಕೆಲಸ ಲಗೂ ಮುಗಿದ್ರ ನೀವೂ ಲಗೂ ಊರಿಗೆ ಹೋಗಿಬಿಡ್ತಿದ್ರಿ.”

ಸುಂದರವ್ವ ನಡುವೆ ಬಾಯಿ ಹಾಕಿದಳು. “ಎಲ್ಲಾ ಮನ್ಯಾಗೂ ಹಂಗ ಮಾಡ್ಯಾರ. ಪರೀಕ್ಷಾ ಅಂದ್ರೂ, ಪಾಪ, ಒಣಗಿದ ಹುಡುಗಿ, ಉಳದದ್ದ ಕುಡೀಲಿ ಅಂತ ನಾ ಚೂರ ಸಕ್ರಿನೂ ಹಾಕಿದ್ದೆ!”

ಸುಮಂಗಲಾಗೆ ಕಡೆಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತು.

ಸುಂದರವ್ವ ಚಹಾಕ್ಕೆ ಒಳಗೆ ಹೋದಳು. ಚಂದ್ರಾಮ ಏನೂ ಹೇಳಿಸಿಕೊಳ್ಳದೆ ಸೀಸೆ ಹಿಡಿದು ಆಕಳ ಬಳಿ ಕುಕ್ಕರಗಾಲಲ್ಲಿ ಕುಳಿತ. ನೊಂದ ಕೆಚ್ಚಲನ್ನು ಮೆಲ್ಲಗೆ ಮುಟ್ಟಿ ನಾಲ್ಕು ಹನಿ ಹಿಂಡಿದ. ಅವಳು ಪಟ್ಟಿ ಅದ್ದಿದಳು. ಇಬ್ಬರೂ ತಲೆ ಬಗ್ಗಿಸಿ ಕಾದರು. ಅವನ ತೋಳಿನ ಬಿಸಿ ಅವಳ ಭುಜಕ್ಕೆ ತಾಗುವಷ್ಟು ಹತ್ತಿರ.

ಗೆರೆ ಮೂಡಿತು. ಕೆಂಪಗೆ.

“ಹಾಲ ಕೆಟ್ಟೈತಿ ಅಂತ ಇಷ್ಟ ಖುಷಿ ಪಡೋರ್ನ ಇವತ್ತ ನೋಡಿದೆ!” ಎಂದು ನಕ್ಕ ಚಂದ್ರಾಮ.

ಅವಳು ಫೋಟೋ ತೆಗೆದು, ನಡೆದದ್ದನ್ನು ಬರೆದು ಗೈಡಿಗೆ ಕಳಿಸಿದಳು. ಉತ್ತರ ಕೂಡಲೇ ಬಂತು: ‘ಅಲ್ಲೇ ಇರು. ಮೊದಲಿಂದ ಶುರು ಮಾಡು.’

“ಮತ್ತ ಎಲ್ಲಾ ಮನಿ ತಿರಗಬೇಕು,” ಎಂದಳು ಗೋಡೆಗೆ ಒರಗಿ. “ಭಾಳ ದಣಿವಾಗೈತಿ, ಚಂದ್ರಾಮ.”

ಬರೀ ಹೆಸರು ಹಿಡಿದು ಕರೆದದ್ದು ಅವನ ಕಿವಿಗೆ ಬಿತ್ತು. ಕಿವಿ ಕೆಂಪಾದವು.

“ತಿರಗೂದ ನನಗ ಬಿಡ್ರಿ. ನೀವು ಕುಂತ ಗೆರಿ ನೋಡ್ರಿ. ಕೆಲಸ ಮುಗದ ಮ್ಯಾಲೂ… ನನ್ನ ಜೋಡಿ ಇರ್ರಿ ಅಂದ್ರ ತಪ್ಪಾಕ್ಕೈತೇನ್ರಿ ಮೇಡಮ್ಮಾರ?”

“ಮೇಡಮ್ಮಾರ ಅನ್ನೂದ ಬಿಟ್ಟ ಕೇಳ್ರಿ.”

“ಸುಮಂಗಲಾ, ಇರ್ತಿಯೇನು?”

“ಇರ್ತೇನಿ,” ಎಂದಳು ಕಣ್ಣು ಮುಚ್ಚಿಕೊಂಡು. “ನಾಳಿಂದ ಹಸಿ ಹಾಲ ತಾ.”

ಒಳಗೆ ಒಲೆಯ ಮೇಲಿನ ಹಾಲು ಚುಂಯ್ ಎಂದು ಉಕ್ಕಿತು. ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿದ್ದ ಸುಂದರವ್ವ ಸೆರಗು ಸಾವರಿಸಿಕೊಂಡು ಒಲೆಯತ್ತ ಓಡಿದಳು.