ಬೈಯಲು ತಂದ ಇನ್‌ಲ್ಯಾಂಡ್ ಲೆಟರ್

"ನೋಡಮ್ಮ, ಎಚ್, ಬಿ, ಡಿ. ಮೂರೇ ಅಕ್ಷರ. ಜೊತೆಗೊಂದು ಕೇಕು, ಅದೂ ಎಮೋಜಿ."

ಭವ್ಯಾ ಫೋನನ್ನು ಅಮ್ಮನ ಮೂಗಿನ ಹತ್ತಿರ ಹಿಡಿದಳು. ಅಮ್ಮ ರೊಟ್ಟಿ ತಟ್ಟುತ್ತಾ, "ಬರ್ತ್‌ಡೇ ನೆನಪಿಟ್ಟು ಕಳ್ಸಿದ್ದಾಳಲ್ಲ ಮಾರಾಯ್ತಿ, ಸಾಕು ಬಿಡು" ಎಂದಳು.

ಸಾಕಂತೆ! ಒಂದನೇ ಕ್ಲಾಸಿನಿಂದ ನಾಲ್ಕನೆಯವರೆಗೆ ಭವ್ಯಾ, ತಾಹಿರಾ ಇಬ್ಬರದೂ ಒಂದೇ ಬೆಂಚು. ಜೂನ್‌ನಲ್ಲಿ ತಾಹಿರಾಳ ಅಬ್ಬ ಜಾವೇದ್ ತಮ್ಮ ಗ್ಯಾರೇಜನ್ನು ಕಳಸದಿಂದ ವಸ್ತಾರೆಗೆ ಸಾಗಿಸಿದರು. ಗ್ಯಾರೇಜಿನ ಜೊತೆ ತಾಹಿರಾಳೂ ಹೋದಳು. ಅಂಥ ಗೆಳತಿ ಹುಟ್ಟುಹಬ್ಬಕ್ಕೆ ಮೂರಕ್ಷರ ಕಳಿಸಿದರೆ ಸಿಟ್ಟು ಬರದೆ ಇರುತ್ತದೆಯೇ?

"ಫೋನ್ ಮಾಡಿ ಬೈದ್ಬಿಡು" ಅಮ್ಮ ನಕ್ಕಳು.

"ಅದು ಜಾವೇದ್ ಅಂಕಲ್ ಫೋನು. ಗ್ಯಾರೇಜಲ್ಲಿ ಸ್ಪೀಕರ್ ಹಾಕ್ಕೊಂಡೇ ಮಾತಾಡ್ತಾರೆ. ಜೀಪಿನವ್ರಿಗೆಲ್ಲ ಕೇಳುತ್ತೆ."

"ಹಂಗಾದ್ರೆ ಕಾಗ್ದ ಬರಿ."

ಅಮ್ಮ ಹೇಳಿದ್ದು ತಮಾಷೆಗೆ. ಭವ್ಯಾ ಪೋಸ್ಟ್ ಆಫೀಸಿಗೆ ಹೋಗಿ ನೀಲಿ ಬಣ್ಣದ ಇನ್‌ಲ್ಯಾಂಡ್ ಲೆಟರ್ ತಂದೇಬಿಟ್ಟಳು. ಅವಳು ಕಾಗದ ಬರೆಯುತ್ತಿದ್ದದ್ದು ಅದೇ ಮೊದಲು. ತಾಹಿರಾ ಎಂದು ಹೆಸರು ಹಾಕಲೂ ಮನಸ್ಸಾಗಲಿಲ್ಲ. ನೇರವಾಗಿ ಶುರು ಮಾಡಿದಳು.

ನಿನಗೆ ಕೊಬ್ಬು.
ಹೊಸ ಸ್ಕೂಲು ಅಂತ ಜಂಬ.
ನನ್ನ ಸ್ಕೇಲ್ ವಾಪಸ್ ಕೊಡು.
ನಿನ್ನ ಜೊತೆ ಟೂ.
ಇನ್ನು ಮೇಲೆ ನೀನ್ಯಾರೋ ನಾನ್ಯಾರೋ.

ಐದು ಸಾಲಿಗೆ ಬೈಗುಳ ಮುಗಿದುಹೋಯಿತು. ಕಾಗದ ನೋಡಿದರೆ ಮುಕ್ಕಾಲು ಪಾಲು ಖಾಲಿ! ಹಾಗೇ ಕಳಿಸಿದರೆ, ಬೈಯಲೂ ಇವಳಿಗೆ ಬರುವುದಿಲ್ಲ ಎಂದುಕೊಳ್ಳುವುದಿಲ್ಲವೇ ತಾಹಿರಾ? ಜಾಗ ತುಂಬಿಸಲೇಬೇಕು. ಭವ್ಯಾ ನೆನಪಾದದ್ದನ್ನೆಲ್ಲ ಬರೆಯತೊಡಗಿದಳು.

ನಿನ್ನ ಜಾಗದಲ್ಲಿ ಹೊಸ ಹುಡುಗಿ ಕೂತಿದ್ದಾಳೆ, ಪೆನ್ಸಿಲ್ ಕಚ್ಚುತ್ತಾಳೆ. ಪಿಟಿ ಮೇಷ್ಟ್ರ ಸಾಕ್ಸ್ ಒಳಗೆ ಇಂಬಳ ಹೊಕ್ಕು ರಕ್ತ ಹೀರಿದಾಗ ಅವರು ಒಂಟಿ ಕಾಲಲ್ಲಿ ಕುಣಿದರು. ನನಗೆ ನಗು ಬಂತು. ಒಬ್ಬಳೇ ನಕ್ಕರೆ ಮಜಾ ಇಲ್ಲ. ಹೊರನಾಡಿಗೆ ಹೋಗುವಾಗ ಬಸ್ಸಲ್ಲಿ ವಾಂತಿ ಬಂತು. ಮೂಗಿಗೆ ನಿಂಬೆಹಣ್ಣು ಹಿಡಿಯೋಕೆ ನೀನಿರಲಿಲ್ಲ.

ಕಾಗದ ತುಂಬಿತು. ಮಡಚಿ ಅಂಟಿಸಿದಳು. ಹೊರಗೆ ವಿಳಾಸಕ್ಕೆ ಎರಡು ಜಾಗ, ಒಂದು ದೊಡ್ಡದು, ಒಂದು ಚಿಕ್ಕದು. ಅದುವರೆಗೆ ಅವಳು ತುಂಬಿದ ಫಾರಂಗಳಲ್ಲೆಲ್ಲ ದೊಡ್ಡ ಜಾಗ ಅವಳ ಹೆಸರಿಗೇ ಇರುತ್ತಿತ್ತು. ಇಲ್ಲೂ ಹಾಗೇ ಬರೆದು, ಚಿಕ್ಕ ಜಾಗದಲ್ಲಿ ತಾಹಿರಾಳ ವಿಳಾಸ ತುರುಕಿದಳು.

ಡಬ್ಬಕ್ಕೆ ಹಾಕಿದ ದಿನ ಖುಷಿಯೋ ಖುಷಿ. ಮಾರನೆಯ ದಿನ ಊಟವೇ ಸೇರಲಿಲ್ಲ. ತಾಹಿರಾಳ ಹಟ ಅವಳಿಗೆ ಗೊತ್ತಿಲ್ಲವೇ? ಟೂ ಅಂದವರ ಜೊತೆ ಅವಳು ಮತ್ತೆ ಮಾತಾಡುವವಳಲ್ಲ. ವಾಟ್ಸಾಪ್ ಆಗಿದ್ದರೆ ಡಿಲೀಟ್ ಒತ್ತಬಹುದಿತ್ತು. ಭವ್ಯಾ ಪೋಸ್ಟ್ ಡಬ್ಬದೊಳಗೆ ಕೈ ಹಾಕಿ ನೋಡಿದಳು. ಮೊಣಕೈ ತರಚಿದ್ದಷ್ಟೇ ಬಂತು.

ನಾಲ್ಕನೆಯ ದಿನ ಪೋಸ್ಟ್‌ಮ್ಯಾನ್ ಚನ್ನಕೇಶವಣ್ಣ ಮನೆ ಮುಂದೆ ಬೈಕ್ ನಿಲ್ಲಿಸಿದರು. "ಭವ್ಯಾ, ನಿಂಗೆ ಕಾಗ್ದ ಬಂದಿದೆ."

ತಾಹಿರಾಳದೇ! ಹೊರಗಿನ ವಿಳಾಸವನ್ನೂ ನೋಡದೆ ಪರಪರ ಬಿಡಿಸಿದಳು.

ನಿನಗೆ ಕೊಬ್ಬು.

ಭವ್ಯಾಳ ಕಣ್ಣು ತುಂಬಿಬಂತು. ಇಷ್ಟು ಸಿಟ್ಟೇ ಅವಳಿಗೆ? ಮುಂದಿನ ಸಾಲು ಓದಿದಳು. ಹೊಸ ಸ್ಕೂಲು ಅಂತ ಜಂಬ. ಅರೆ, ತನಗೆಲ್ಲಿಯ ಹೊಸ ಸ್ಕೂಲು? ಆಗ ಅಕ್ಷರದ ಗುರುತು ಸಿಕ್ಕಿತು.

"ಇದು ನಾನೇ ಬರ್ದಿದ್ದು ಅಣ್ಣಾ."

ಚನ್ನಕೇಶವಣ್ಣ ಕಾಗದ ತಿರುಗಿಸಿ ನೋಡಿ ನಕ್ಕುಬಿಟ್ಟರು. "ದೊಡ್ಡ ಜಾಗ ತಗೊಳ್ಳೋರ ಹೆಸ್ರಿಗೆ ಮಾರಾಯ್ತಿ. ನಿಂದು ಆ ಮೂಲೇಲಿ."

ಅವರು ಹೋದ ಮೇಲೆ ಭವ್ಯಾ ಮೆಟ್ಟಿಲ ಮೇಲೆ ಕೂತು ಪೂರ್ತಿ ಓದಿದಳು. ಇಂಬಳದ ಹತ್ತಿರ ಬಂದಾಗ ಜೋರಾಗಿ ನಗು ಬಂತು. ನಿಂಬೆಹಣ್ಣಿನ ಹತ್ತಿರ ಬಂದಾಗ ಬರಲಿಲ್ಲ. ಕಾಗದ ತಲುಪಿದ್ದರೂ ತಾಹಿರಾ ಇಲ್ಲಿವರೆಗೆ ಓದುತ್ತಲೇ ಇರಲಿಲ್ಲ. ಐದನೇ ಸಾಲಿಗೇ ಹರಿದು ಬಿಸಾಡುತ್ತಿದ್ದಳು.

ಸಂಜೆ ಇನ್ನೊಂದು ಇನ್‌ಲ್ಯಾಂಡ್ ಲೆಟರ್ ತಂದಳು. ಮೊದಲು ದೊಡ್ಡ ಜಾಗದಲ್ಲಿ ತಾಹಿರಾಳ ಹೆಸರು, ವಿಳಾಸ ಬರೆದಳು. ಆಮೇಲೆ ಒಳಗೆ, ಹಳೇ ಕಾಗದದ ಆರನೇ ಸಾಲಿನಿಂದ ಶುರು ಮಾಡಿದಳು. ಬೈಗುಳ ಕೊನೆಗಿರಲಿ ಎಂದುಕೊಂಡಿದ್ದಳು. ಆದರೆ ಬರೆಯುತ್ತಾ ಹೋದಂತೆ ಪೆನ್ಸಿಲ್ ಕಚ್ಚುವ ಹುಡುಗಿಯ ಕತೆಯೇ ಉದ್ದವಾಯಿತು. ಕೊನೆಗೆ ಒಂದೇ ಒಂದು ಸಾಲಿಗೆ ಜಾಗ ಉಳಿಯಿತು.

ಭವ್ಯಾ ತುಂಬಾ ಹೊತ್ತು ಯೋಚಿಸಿ ಬರೆದಳು: "ನೀನೂ ಇಷ್ಟುದ್ದ ಬರಿ."