ಬೊಳ್ಳಿಯ ಹತ್ತು ದಿನ

ಬೆಕ್ಕು ಉಪವಾಸ ಕೂತದ್ದೇ ತಡ, ಅನಿಷಾ ಪಕ್ಕದ ಮನೆಗೆ ಜಗಳಕ್ಕೆ ಹೋದಳು.

"ನಮ್ಮ ಬೊಳ್ಳಿಗೆ ಮೀನಿನ ರುಚಿ ಹಿಡಿಸಿದ್ದು ನೀವೇ ಅಲ್ವಾ? ಈಗ ಮೊಸರನ್ನ ಇಟ್ಟರೆ ಮೂಸಿಯೂ ನೋಡುವುದಿಲ್ಲ."

ಶೋಧನ್ ತಲೆ ಕೆರೆದುಕೊಂಡ. "ದಿನಕ್ಕೆರಡು ಬೂತಾಯಿ ಮೀನು ಅಷ್ಟೆ ಮಾರಾಯ್ರೇ. ಅದೇ ಬಂದು ಕೇಳ್ತದೆ."

ಬೊಳ್ಳಿಯ ಮುಂದಿನ ಎಡಗಾಲಿನ ಉಗುರು ಗೇಟಿನ ಜಾಲರಿಗೆ ಸಿಕ್ಕಿ ಅರ್ಧ ಕಿತ್ತುಹೋಗಿತ್ತು. ಮೂಡುಬಿದಿರೆಯ ಡಾಕ್ಟರು ಅದನ್ನು ಕತ್ತರಿಸಿ, ಹತ್ತು ದಿನ ಹೊರಗೆ ಬಿಡಬೇಡಿ, ದಿನಾ ಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು ಮುಲಾಮು ಹಚ್ಚಿ ಎಂದಿದ್ದರು. ಅನಿಷಾಳದು ಜೈನರ ಮನೆ, ಮೀನಿನ ವಾಸನೆಯೂ ಒಳಗೆ ಸುಳಿಯುವಂತಿಲ್ಲ. ಕೊನೆಗೆ ಅಜ್ಜಿ ಅನಂತಮತಿಯೇ ರಾಜಿ ಮಾಡಿಸಿದರು: ಬೊಳ್ಳಿಯ ವಾಸ ಶೋಧನ್ ಮನೆಯಲ್ಲಿ, ಆರೈಕೆ ಅನಿಷಾಳದು.

ಹೊತ್ತು ಮುಳುಗುವ ಮೊದಲೇ ಉಣ್ಣುವುದು ಅವಳ ಮನೆಯ ಕ್ರಮ. ಊಟ ಮುಗಿಸಿದವಳೇ ಓಡಿ ಬರುತ್ತಿದ್ದಳು. ಅವನು ಬೆಕ್ಕನ್ನು ಬೈರಾಸು ಬಟ್ಟೆಯಲ್ಲಿ ಸುತ್ತಿ, ತಲೆ ಮತ್ತು ಒಂದು ಕಾಲನ್ನಷ್ಟೇ ಹೊರಗೆ ಬಿಟ್ಟು, ಮಡಿಲಲ್ಲಿ ಹಿಡಿಯುತ್ತಿದ್ದ. ಅವಳು ಹತ್ತಿಯಿಂದ ಮೆಲ್ಲಗೆ ಒರೆಸುತ್ತಿದ್ದಳು. ಒಂದು ಪುಟ್ಟ ಪಂಜದ ಮೇಲೆ ಎರಡು ತಲೆ ಬಾಗಿರುವಾಗ ಕಣ್ಣನ್ನು ಎಲ್ಲಿ ಇಟ್ಟುಕೊಳ್ಳುವುದು? ಅವನ ರೆಪ್ಪೆ ಇಷ್ಟು ಉದ್ದವೆಂದು ಆರು ವರ್ಷದ ನೆರೆಕರೆಯಲ್ಲಿ ಅವಳಿಗೆ ಗೊತ್ತೇ ಆಗಿರಲಿಲ್ಲ.

"ನೋವಾಗ್ತದಾ?"

"ಇಲ್ಲ," ಎಂದ ಶೋಧನ್.

"ನಾನು ಬೊಳ್ಳಿಯನ್ನು ಕೇಳಿದ್ದು."

ಹತ್ತನೆಯ ಸಂಜೆ ಗಾಯ ಪೂರ್ತಿ ಒಣಗಿತ್ತು. ಬೊಳ್ಳಿ ಒಂದೇ ನೆಗೆತಕ್ಕೆ ಕಿಟಕಿ ಏರಿತು. ನಾಳೆಯಿಂದ ಇಲ್ಲಿಗೆ ಬರಲು ಕಾರಣವೇ ಇಲ್ಲ ಎಂದು ಅನಿಷಾಳಿಗೆ ಹೊಳೆಯಿತು.

"ಇನ್ನೂ ಕುಂಟ್ತದೆ ಅಲ್ವಾ?" ಎಂದಳು. "ಆ ಬಲಗಾಲು ನೋಡಿ. ಇನ್ನೊಂದು ವಾರ ತೊಳೆಯುವ."

"ಗಾಯ ಆದದ್ದು ಎಡಗಾಲಿಗೆ," ಎಂದ ಅವನು, ನಗು ಅಡಗಿಸಿ.

ಅವಳ ಕೆನ್ನೆ ಕಾದ ಕಾವಲಿಯಾಯಿತು. ಅಷ್ಟರಲ್ಲಿ ಅವನ ತಾಯಿ ಸ್ವರ್ಣಲತಾ ಬಾಗಿಲಿಗೆ ಬಂದರು.

"ಶೋಧನ್, ಹೊತ್ತು ಮುಳುಗ್ತಾ ಬಂತು, ಉಣ್ಣು ಬಾ. ಕತ್ತಲಾದ ಮೇಲೆ ಬೇಡ ಅಂತೀ. ಹತ್ತು ದಿನದಿಂದ ಇದೊಂದು ಹೊಸತು ನೋಡು ಅನಿಷಾ. ಆರು ಗಂಟೆಗೇ ಊಟ! ಮಲಗುವಾಗ ಬಿಸ್ಕೆಟ್ ಡಬ್ಬ ಹುಡುಕುವುದು!"

ಅವರು ಒಳಗೆ ಹೋದರು. ಈಗ ಕೆಂಪಾಗುವ ಸರದಿ ಅವನದು.

"ಎಂತಕ್ಕೆ?" ಎಂದು ಕೇಳಿದಳು.

"ನಿಮ್ಮ ಮನೆಯ ಕ್ರಮ ನನ್ನಿಂದ ಆಗ್ತದಾ ನೋಡುವ ಅಂತ. ಇಲ್ಲದಿದ್ರೆ ನಿಮ್ಮ ಅಜ್ಜಿಯ ಹತ್ತಿರ ನಿಮ್ಮನ್ನು ಕೇಳ್ಲಿಕ್ಕೆ ಯಾವ ಮುಖ ಹೊತ್ತು ಬರಲಿ? ನನಗೆ ನೀವು ತುಂಬ ಇಷ್ಟ ಅನಿಷಾ. ಮೀನು ಬಿಡ್ಲಿಕ್ಕೆ ಮಾತ್ರ ಸ್ವಲ್ಪ ಟೈಮ್ ಬೇಕು."

"ಬಿಸ್ಕೆಟ್?"

"ಅದು ಲೆಕ್ಕಕ್ಕಿಲ್ಲ ಅಲ್ವಾ?"

"ಉಂಟು." ಅವಳಿಗೆ ನಗು ತಡೆಯಲಾಗಲಿಲ್ಲ. "ನಾಳೆ ಐದೂವರೆಗೆ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಅಜ್ಜಿಯ ಎದುರು ಹೊಟ್ಟೆ ತುಂಬ ಉಣ್ಣಿ. ಬೆಕ್ಕಿಗೇ ರಾಜಿ ಆದವರು, ನಮಗೆ ಆಗದೆ ಇರ್ತಾರಾ?"

ಅವಳು ಮುಲಾಮಿನ ಟ್ಯೂಬನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು.

"ಬೊಳ್ಳಿಯನ್ನು ಕರ್ಕೊಂಡು ಹೋಗುವುದಿಲ್ವಾ?" ಎಂದು ಅವನು ಕೂಗಿದ.

ಅನಿಷಾ ಗೇಟಿನ ಬಳಿ ತಿರುಗಿದಳು.

"ಇಲ್ಲೇ ಇರಲಿ. ನಾನೂ ಇಲ್ಲಿಗೇ ಬರುವವಳಲ್ವಾ?"