ಕಿರಿಯವಳಿಗೆ ತೋರಿಸಿದ ಬೆಲೆ

“ನಿಮಗೆ ಬೆಲೆ ಜಾಸ್ತಿ ತೋರಿಸಿದ್ರೆ ಅದು ಆ್ಯಪಿನ ತಪ್ಪಲ್ಲ ಅಕ್ಕ. ಬೆಳಗಾದ್ರೆ ಹೋಗಿ ಅದನ್ನೇ ನೋಡ್ತೀರಿ. ನಿಮ್ಮಾಸೆ ಅದಕ್ಕೆ ಗೊತ್ತಾಗಿಬಿಟ್ಟಿದೆ.”

ಕಿರಿಯ ಸೊಸೆ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ನಕ್ಕಳು. ಮನೆಯ ಮುಂದಿನ ಕೋಣೆಯೇ ಓರಗಿತ್ತಿಯರಿಬ್ಬರ ಹೊಲಿಗೆ ಅಂಗಡಿ. ಇಬ್ಬರೂ ಕಣ್ಣಿಟ್ಟದ್ದು ಒಂದೇ ಮೋಟಾರಿನ ಹೊಲಿಗೆ ಯಂತ್ರದ ಮೇಲೆ. ಹಿರಿಯವಳ ಫೋನಿನಲ್ಲಿ ಮಾತ್ರ ಅದಕ್ಕೆ ಕಾಲುಭಾಗ ಹೆಚ್ಚು ಬೆಲೆ. ಕಿರಿಯವಳು ಬುಟ್ಟಿಗೆ ಹಾಕಿ ಮರೆತೇಬಿಟ್ಟಿದ್ದಳಂತೆ, ಆ್ಯಪೇ ಬೆನ್ನುಬಿದ್ದು ಬೆಲೆ ಇಳಿಸುತ್ತಾ ಬಂತಂತೆ. ಗಿರಾಕಿಗಳು ಕೇಳಿಕೊಂಡು ಬರುವುದು ಅವಳನ್ನೇ, ಮಾವ ಹೊಗಳುವುದೂ ಅವಳನ್ನೇ. ಈಗ ಕಣ್ಣಿಗೆ ಕಾಣದ ಅಂಗಡಿಗೂ ಅವಳೇ ಮುದ್ದು. ಬೇಕಾದರೆ ನನ್ನ ಫೋನಿನಿಂದಲೇ ನೀವೂ ಒಂದು ತರಿಸಿಕೊಳ್ಳಿ ಎಂದು ಅವಳು ಹೇಳಿದಾಗಲಂತೂ ಹಿರಿಯವಳಿಗೆ ಮೈಯೆಲ್ಲ ಉರಿಯಿತು.

ಕಿರಿಯವಳು ಯಂತ್ರಕ್ಕೆ ಆರ್ಡರ್ ಕೊಟ್ಟು ತವರಿಗೆ ಹೊರಟಳು. ಪಾರ್ಸೆಲ್ ಬಂದರೆ ಇಳಿಸಿಕೊಳ್ಳುತ್ತೇನೆ, ನಿಶ್ಚಿಂತೆಯಿಂದ ಹೋಗು ಎಂದು ಹಿರಿಯವಳೇ ಬಸ್ಸು ಹತ್ತಿಸಿ ಬಂದಳು.

ಊರಿನ ಆಚೆ ತುದಿಯ ಗುಜರಿಯವನ ಹತ್ತಿರ ಅದೇ ಮಾದರಿಯ ಹಳೆಯ ಯಂತ್ರ ಸಿಕ್ಕಿತು. ಅದು ಓಡದಿದ್ದರೆ ಯಾರಿಗಾದರೂ ಅನುಮಾನ ಬಂದೀತು. ಕಂಪನಿಯವರು ರಿಪೇರಿ ಮಾಡಿದ ಮಾಲನ್ನೇ ಹೊಸದೆಂದು ತಳ್ಳಿದ್ದಾರೆ ಅನ್ನಿಸಬೇಕು. ಆದ್ದರಿಂದ ಅದನ್ನು ಉಜ್ಜಿ, ಎಣ್ಣೆ ಬಿಟ್ಟು, ಎರಡು ಹೊಲಿಗೆ ಓಡಿಸಿಯೂ ನೋಡಿದಳು. ಪಾರ್ಸೆಲ್ ಬಂದಾಗ ಇಸ್ತ್ರಿಪೆಟ್ಟಿಗೆಯ ಹದವಾದ ಬಿಸಿಗೆ ಡಬ್ಬದ ತಳದ ಅಂಟುಪಟ್ಟಿ ಹರಿಯದೆ ಎದ್ದಿತು. ಹೊಸದು ಹೊರಗೆ, ಹಳೆಯದು ಒಳಗೆ. ಪಟ್ಟಿ ಮತ್ತೆ ತನ್ನ ಜಾಗಕ್ಕೆ. ಹೊಸದನ್ನು ಚಿಂದಿಬಟ್ಟೆಯ ಮೂಟೆಯೊಳಗೆ ಮಲಗಿಸಿದಳು. ವರ್ಷ ಕಳೆದ ಮೇಲೆ ತವರಿನ ಉಡುಗೊರೆ ಎಂದು ಹೊರತೆಗೆದರಾಯಿತು. ಕಿರಿಯವಳ ದುಡ್ಡನ್ನು ಕಂಪನಿ ಹೇಗೂ ಹಿಂದಿರುಗಿಸುತ್ತದೆ, ಅದರಲ್ಲಿ ಪಾಪವೇನೂ ಇಲ್ಲ. ಆದರೆ ದುಡ್ಡು ವಾಪಸು ಬಂದರೂ ಆ ಬೆಲೆ ವಾಪಸು ಬರುವುದಿಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ.

ಕಿರಿಯವಳು ಬಂದವಳೇ ಕತ್ತರಿ ಹಿಡಿದಳು. ಹಿರಿಯವಳು ತಡೆದಳು.

“ವಿಡಿಯೊ ಇಲ್ದೆ ಡಬ್ಬ ಮುಟ್ಬೇಡ. ಕೊಳ್ಳೋರಿಗೂ ಒಂದು ಜವಾಬ್ದಾರಿ ಇರತ್ತೆ. ಕೊಡು ಇಲ್ಲಿ ಫೋನು, ನಾನು ಹಿಡ್ಕೋತೀನಿ.”

ಡಬ್ಬ ತೆರೆಯಿತು. ಕಿರಿಯವಳ ಮುಖ ಬಾಡಿದ್ದನ್ನು ಹಿರಿಯವಳು ಪರದೆಯಲ್ಲಿ ಕಣ್ತುಂಬಾ ನೋಡಿದಳು.

“ಹಳೇದು ಕಳ್ಸಿದ್ದಾರಲ್ಲ ಅಕ್ಕ.”

“ಬೆಲೆ ಇಳಿಸಿದಾಗ್ಲೇ ಅಂದ್ಕೊಂಡೆ. ಇರ್ಲಿ, ಎಲ್ಲಾ ಕಡೆ ತಿರುಗ್ಸಿ ತೋರ್ಸು. ಸೂಜಿ ಹತ್ರಾನೂ ತೋರ್ಸು, ಸವೆದಿರೋದು ಕಾಣ್ಲಿ.”

ಕಿರಿಯವಳು ಸೂಜಿಯ ಕೆಳಗೆ ಬಟ್ಟೆ ಒತ್ತಿಹಿಡಿಯುವ ಪಾದವನ್ನು ಎತ್ತಿದಳು. ಅಲ್ಲಿಂದ ಎಣ್ಣೆ ಹೀರಿದ್ದ ಬಟ್ಟೆಯ ಚೂರೊಂದು ಜಾರಿತು. ಎಣ್ಣೆ ಬಿಟ್ಟ ಮೇಲೆ ಪಾದದಡಿ ಕೈಗೆ ಸಿಕ್ಕ ಚೂರನ್ನು ಸಿಕ್ಕಿಸುವುದು ಹೊಲಿಯುವವರೆಲ್ಲರ ರೂಢಿ, ಹಿರಿಯವಳ ಕೈ ಅವಳನ್ನು ಕೇಳದೆಯೇ ಅದನ್ನು ಮಾಡಿ ಮುಗಿಸಿತ್ತು. ನೀಲಿ ಬಟ್ಟೆ, ಹಳದಿ ಪಟ್ಟೆ. ಕಿರಿಯವಳು ಹೊಸ ಯಂತ್ರ ನೋಡಲೆಂದು ಆಗಷ್ಟೇ ಒಳಗೆ ಬಂದು ಕುಳಿತಿದ್ದ ಮಾವನ ಮುಂದೆ ಮಂಡಿಯೂರಿ, ತಾನು ಊರಲ್ಲಿಲ್ಲದಾಗ ಹಿರಿಯ ಸೊಸೆ ಹೊಲಿದುಕೊಟ್ಟು ಈಗ ಅವರು ತೊಟ್ಟಿದ್ದ ಹೊಸ ಪೈಜಾಮದ ಮೇಲೆ ಆ ಚೂರನ್ನಿಟ್ಟು, ಪಟ್ಟೆಗೆ ಪಟ್ಟೆ ಕೂಡಿಸಿದಳು. ಹಿರಿಯವಳ ಕೈಯಲ್ಲಿ ಫೋನು ಇನ್ನೂ ಚಿತ್ರ ಹಿಡಿಯುತ್ತಲೇ ಇತ್ತು.